ಸಾವಿರದಿನ್ನೂರು ಸುತ್ತು

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಬರುವುದೆಲ್ಲ ಸುಟ್ಟ ಮೋಟಾರು.
ರಾತ್ರಿ ಮೂರು ಫೇಸಿನಲ್ಲೊಂದು ಕೈಕೊಟ್ಟರೆ
ಬೆಳಗ್ಗೆ ಟ್ರ್ಯಾಕ್ಟರಿನಲ್ಲಿ ಐದು.
ಕರಿ ಕರುಳು ಹೊರಗೆಳೆದು ಕೆಂಪು ತಾಮ್ರ ತುಂಬಿ ಕಳಿಸುತ್ತೇನೆ.
ಹೆಂಗಸಿನ ಕೈ, ಸುತ್ತು ಸಡಿಲ ಅಂದವರು
ಈಗ ಸರದಿಯಲ್ಲಿ ನಿಲ್ಲುತ್ತಾರೆ.

ಪುಟ್ಟಮಾದಯ್ಯ ತಂದದ್ದು ಮೋಟಾರಲ್ಲ.
ಸೈಕಲ್ಲಿನ ಹ್ಯಾಂಡಲಿಗೆ ತೂಗಿದ ಚೀಲದಲ್ಲಿ
ಸತ್ತ ಟೀವಿಯೊಂದರ ಕಪ್ಪು ಫೆರೈಟು,
ಹಾಲಿನ ಲೆಕ್ಕದ ಹಾಳೆಯ ಬೆನ್ನಿಗೆ ಗೀಚಿದ ಚಿತ್ರ.
"ಮೂವತ್ತಾರು ಗೇಜು, ಸಾವಿರದಿನ್ನೂರು ಸುತ್ತು,
ಪದರಕ್ಕೊಂದು ಕಾಗದ. ಎಣಿಕೆ ತಪ್ಪಬಾರದು ಕನವ್ವ."

ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ
ಗಾಜಿನ ಜೋಡಿ ಕೊಳವೆ ತೊಳೆದು, ಆಮ್ಲದ ಹನಿ ಬೆರೆಸಿ,
ತಂತಿ ಸಿಕ್ಕಿಸಿ, ಸರಿದು ನಿಂತ ಮನುಷ್ಯ.
ಬಾಗಿಲ ಪಕ್ಕದಿಂದ ನೋಡಿದ್ದಷ್ಟೇ:
ಒಂದರಲ್ಲಿ ಎರಡು ಪಾಲು, ಇನ್ನೊಂದರಲ್ಲಿ ಒಂದು.
ಸ್ವಿಚ್ಚು ಒತ್ತುವ ಬೆರಳು ಮಾತ್ರ
ಯಾವತ್ತೂ ಬೇರೆಯವರದು.

"ನೀರಿಗೂ ಒಂದು ಶ್ರುತಿ ಇರ್ತದೆ," ಅನ್ನುತ್ತಿದ್ದ.
"ಬ್ಯಾಟರಿ ಹಾಕಿ ಎಳೆಯೋದು ಜುಲುಮೆ.
ಅದರ ತಾಳ ಹಿಡಿದು ತಟ್ಟಿದ್ರೆ
ತಾನೇ ಬಿಡಿಸ್ಕತದೆ,
ಹಣ್ಣಾದ ಹುಣಸೆ ಓಡು ಬಿಟ್ಟಂಗೆ."

ನಾನು ನಂಬಲಿಲ್ಲ. ಸುತ್ತಿದೆ.
ಕೂದಲೆಳೆಯ ತಂತಿ, ಉಸಿರು ಜೋರಾದರೆ ತುಂಡಾಗುವಂಥದ್ದು.
ಅಂಗಡಿ ಮುಂದೆ ಕಬ್ಬಿನ ಲಾರಿ ಒಂದು ಕಟ್ಟು ಉದುರಿಸಿತು,
ಹುಡುಗರು ಕೂಗುತ್ತ ಬಿದ್ದರು, ತಿರುಗಿ ನೋಡಿದೆ.
ಏಳುನೂರ ನಲವತ್ತೋ, ಐವತ್ತೋ.
ಹೇಳಲಿಲ್ಲ.

ಮನೆಯಲ್ಲಿ ಸೊಸೆ ಬೇಡವೆಂದಳಂತೆ.
ಹಾಗಾಗಿ ನನ್ನ ಷಟರಿನೊಳಗೇ, ರಾತ್ರಿ ಒಂಬತ್ತಕ್ಕೆ:
ಲೋಟದೊಳಗೊಂದು ಸ್ಟೀಲಿನ ಲೋಟ,
ನಡುವೆ ಸೈಕಲ್ ಟ್ಯೂಬಿನ ಚೂರು,
ವಿ.ಸಿ. ನಾಲೆಯ ನೀರು, ಚಿಟಿಕೆ ಸೋಡ,
ಎಂಟು ಕಾಲಿನ ಜೀರುಂಡೆಯಂಥ ಪುಟ್ಟ ಟೈಮರು,
ಹಳೇ ರೇಡಿಯೋದ ಗುಬುಟು.
ಒಂದು ಕೈ ಲುಂಗಿಯ ಗಂಟಿನ ಹಿಂದೆ ಇಟ್ಟುಕೊಂಡು
(ಕರೆಂಟಿಗೆ ಎದೆಯ ದಾರಿ ತೋರಿಸಬಾರದಂತೆ)
ತನ್ನ ಬೆರಳಲ್ಲೇ ಒತ್ತಿದ.

ಸುರುಳಿ ಸಣ್ಣಗೆ ಕೊರೆಯತೊಡಗಿತು.
ಗುಬುಟು ತಿರುಗಿದಂತೆ ದನಿ ಏರಿತು,
ಸೊಳ್ಳೆ, ಆಮೇಲೆ ಸೊಳ್ಳೆಗೂ ಸಣ್ಣದು, ಆಮೇಲೆ ಏನೂ ಇಲ್ಲ.
ಮೂಲೆಗೆ ಒರಗಿಸಿದ್ದ ಟ್ಯೂಬ್‌ಲೈಟು
ಯಾವ ತಂತಿಯೂ ಇಲ್ಲದೆ ಮಿಣುಕಿತು.
ನನ್ನ ತೋಳಿನ ರೋಮ ಎದ್ದವು.
ಬೆಂಚಿನ ಕೆಳಗಿನ ನಾಯಿ ತೆವಳಿ ಹೋಯಿತು.
ಪಕ್ಕದ ನೂರ್‌ಜಾನ್ ಬಿ ಗೋಡೆ ಗುದ್ದಿದಳು:
"ಏನ್ರೀ ಅದು, ವಾರ್ತೆ ಪೂರಾ ಹುರಿದು ಹೋಯ್ತು!"

ಎಲ್ಲವೂ ಓಗೊಟ್ಟವು, ನೀರೊಂದನ್ನು ಬಿಟ್ಟು.

ಹತ್ತು ನಿಮಿಷಕ್ಕೆ ಬೋರಲು ಬಾಟಲಿಯಲ್ಲಿ
ಒಂದು ಒಳಲೆಯಷ್ಟು ಗಾಳಿ.
ತಂತಿ ಕಿತ್ತು ಬರೀ ಬ್ಯಾಟರಿ ಕೊಟ್ಟ;
ಜುಲುಮೆಗೆ ಕಾಲು ಪಾವು ಬಂತು.

ನೂರು ಹಾಳೆಯ ನೋಟುಬುಕ್ಕು ತೆಗೆದ.
ಬಾರದ ಗುಳ್ಳೆಯನ್ನು ಬಂತೆಂದು ಬರೆದು
ಹತ್ತಕ್ಕೆ ಒಂಬತ್ತು ಪಡೆದ ಹುಡುಗರ ರೆಕಾರ್ಡುಗಳನ್ನು
ಎಷ್ಟು ವರ್ಷ ಹೊತ್ತು ಬೀರುವಿಗೆ ಜೋಡಿಸಿದವನು
ಬಂದದ್ದನ್ನು ಬಂದಷ್ಟೇ ಬರೆದ. ಇಸವಿ, ತಾರೀಖು ಸಮೇತ.

ಆಗ ಬಾಯಿಬಿಟ್ಟೆ: ಎಣಿಕೆ ತಪ್ಪಿತ್ತು.
ಪೆನ್ನು ನಿಂತಿತು. ಬಯ್ಯುತ್ತಾನೆಂದುಕೊಂಡೆ.
"ಹತ್ತು ಸುತ್ತಿಗೆಲ್ಲ ನೀರು ಮುನಿಸ್ಕಳಕಿಲ್ಲ ಬುಡವ್ವ," ಅಂದ,
ಆದರೂ 'ಸಾವಿರದಿನ್ನೂರು' ಎಂಬುದರ ಹಿಂದೆ
'ಸುಮಾರು' ಸೇರಿಸಿದ.

ಉಳಿದ ಗಾಳಿಯನ್ನು ಸೋಪಿನ ನೊರೆಗೆ ಊದಿ
ಕಡ್ಡಿ ಗೀರಿದ. ಪಟ್!
ನೂರ್‌ಜಾನ್ ಬಿ ಮತ್ತೆ ಗೋಡೆ ಗುದ್ದಿದಳು.
ಅರವತ್ತೆರಡರ ಮನುಷ್ಯ ಬಾಯಿ ಮುಚ್ಚಿಕೊಂಡು
ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಹೊರಡುವಾಗ ಜೇಬಿಗೆ ಕೈ ಹಾಕಿದ. ಬೇಡ ಅಂದೆ.
"ಹಂಗಾದ್ರೆ ಇನ್ನೊಂದು ಸಲ ಸುತ್ತಿಕೊಡು. ಈ ಸಲ ಎಂಟುನೂರು."
ಸೈಕಲ್ಲಿನ ಚೈನು ಕಿರುಗುಟ್ಟುತ್ತ ಕತ್ತಲಿಗೆ ಹೋಯಿತು.

ನನಗೆ ಈಗಲೂ ನಂಬಿಕೆ ಇಲ್ಲ.
ಷಟರು ಎಳೆದು, ಫೋನು ಆರಿಸಿ,
ಒಂದು, ಎರಡು, ಮೂರು,
ಗಟ್ಟಿಯಾಗಿ.